ಮರಿಗೆಯಿಂದ ಗಿರಣಿಯವರೆಗೆ: ಮರಳಿನಿಂದ, ಕಲ್ಲಿನಿಂದ ಚಿನ್ನ ತೆಗೆಯುವ ಬಗೆ

ಕಳೆದ ಬೇಸಿಗೆಯಲ್ಲಿ ಕಬಿನಿಯ ನೀರು ಇಳಿದಿದ್ದಾಗ ನಮ್ಮ ಎಂಟನೆಯ ತರಗತಿಯ ಕೆಲವು ಮಕ್ಕಳು ಮುಳ್ಳನ್ಕೊಲ್ಲಿಯ ಪೆರಿಕ್ಕಲ್ಲೂರು ಕಡವಿನಿಂದ ಒಂದು ಡಬ್ಬಿ ತುಂಬ ಮರಳು ತಂದು ನಮ್ಮ ಮೇಜಿನ ಮೇಲಿಟ್ಟರು. ಬಿಸಿಲಿಗೆ ಹಿಡಿದರೆ ಮರಳು ಮಿನುಗುತ್ತಿತ್ತು. “ಸಾರ್, ಇದು ಚಿನ್ನವೇ ಅಲ್ಲವೇ?” ಎಂದು ಕೇಳಿದರು. ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸಬಹುದಿತ್ತು. ಆದರೆ ಅಲ್ಲವೆಂದು ಹೇಗೆ ಗೊತ್ತು ಎಂಬ ಮರುಪ್ರಶ್ನೆಗೆ ಉತ್ತರ ಕೊಡದಿರುವುದು ಉಪಾಧ್ಯಾಯರಿಗೆ ಒಪ್ಪುವಂಥದಲ್ಲ. ಆದ್ದರಿಂದ ವಿಜ್ಞಾನದ ಅಧ್ಯಾಪಕರನ್ನೂ ಕರೆದುಕೊಂಡು ಆ ಡಬ್ಬಿಯೊಡನೆ ಎರಡು ಪಿರಿಯಡ್ ಕಳೆದೆವು. ಆಗ ಹೇಳಿದ್ದನ್ನೂ ಹೇಳಲು ಬಿಟ್ಟುಹೋದದ್ದನ್ನೂ ಇಲ್ಲಿ ಬರೆದಿದ್ದೇವೆ. ಕನ್ನಡ ಪಾಠ ಮಾಡುವವರಿಗೆ ಚಿನ್ನದ ಗೊಡವೆ ಏಕೆ ಎಂದು ಪೋಷಕರು ಕೇಳಿಯಾರು. ಕನ್ನಡದ ಒಂದು ಪದವೇ ನಮ್ಮನ್ನು ಅಲ್ಲಿಗೆ ಎಳೆದುಕೊಂಡು ಹೋಯಿತು.

ಮೊದಲು ಡಬ್ಬಿಯ ಮಾತು. ಮಿನುಗುತ್ತಿದ್ದ ಚೂರನ್ನು ಸೂಜಿಯ ಮೊನೆಯಿಂದ ಒತ್ತಿದೆವು. ಅದು ಪದರ ಪದರವಾಗಿ ಬಿಟ್ಟುಕೊಂಡಿತು. ಅದು ಅಭ್ರಕ. ನಮ್ಮ ಹಿರಿಯರು ಇದಕ್ಕೆ ‘ಕಾಗೆ ಬಂಗಾರ’ ಎಂದು ಹೆಸರಿಟ್ಟಿದ್ದಾರೆ. ಹೆಸರಿನಲ್ಲೇ ತೀರ್ಪು ಇದೆ. ಹಳದಿಯಾಗಿ ಹೊಳೆಯುವ ಇನ್ನೊಂದು ಖನಿಜವಿದೆ. ಕಬ್ಬಿಣ ಮತ್ತು ಗಂಧಕ ಕೂಡಿ ಆದ ಪೈರೈಟ್. ಅದನ್ನು ಸುತ್ತಿಗೆಯಿಂದ ಹೊಡೆದರೆ ಪುಡಿಯಾಗುತ್ತದೆ, ಆ ಪುಡಿ ಕಪ್ಪು. ಚಿನ್ನವನ್ನು ಹೊಡೆದರೆ ಪುಡಿಯಾಗುವುದಿಲ್ಲ, ಚಪ್ಪಟೆಯಾಗುತ್ತದೆ. ಇನ್ನೊಂದು ಗುರುತು: ಅಭ್ರಕದ ಚೂರು ನೆರಳಿಗೆ ತಿರುಗಿಸಿದೊಡನೆ ಮಂಕಾಗುತ್ತದೆ, ಚಿನ್ನ ಬಿಸಿಲಿನಲ್ಲೂ ನೆರಳಿನಲ್ಲೂ ಒಂದೇ ಹಳದಿ.

ಈಗ ಆ ಪದ. ಅಡಿಗೆಮನೆಯಲ್ಲಿ ಅಮ್ಮ ಅಕ್ಕಿಯನ್ನು ನೀರಿನಲ್ಲಿ ಆಡಿಸಿ ಕಲ್ಲನ್ನು ತಳದಲ್ಲೇ ಉಳಿಸುವುದಕ್ಕೆ ‘ಗಾಳಿಸುವುದು’ ಎನ್ನುತ್ತೇವೆ; ‘ಜಾಲಿಸುವುದು’ ಎಂಬ ಮಾತೂ ಇದೆ. ಗದಗದ ಹತ್ತಿರದ ಕಪ್ಪತಗುಡ್ಡದ ಹಳ್ಳಗಳಲ್ಲಿ, ಡೋಣಿ, ಸೊರಟೂರು ಮೊದಲಾದ ಊರುಗಳ ಸುತ್ತ, ಮಳೆಗಾಲ ಕಳೆದ ಮೇಲೆ ಮರಳು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದವರನ್ನು ‘ಜಾಲಗಾರ’ರು ಎಂದು ಕರೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ ಅವರ ವಿಷಯ ಬರೆದಿಟ್ಟಿದ್ದಾನೆ. ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಆ ಬೆಟ್ಟಗಳ ಚಿನ್ನದ ಕಲ್ಲುಗಳ ಮೇಲೆ ಲೇಖನವನ್ನೇ ಪ್ರಕಟಿಸಿದರು. (ಕುವೆಂಪು ಅವರ ನಾಟಕದ ‘ಜಲಗಾರ’ ಬೀದಿ ಗುಡಿಸುವವನು; ಪರೀಕ್ಷೆಯಲ್ಲಿ ಇವೆರಡನ್ನು ಬೆರೆಸಬೇಡಿ.) ಅಕ್ಕಿ ಜಾಲಿಸುವ ಅಮ್ಮನೂ ಹಳ್ಳದ ಜಾಲಗಾರನೂ ಮಾಡುವ ಕೆಲಸ ಒಂದೇ. ಅಮ್ಮನಿಗೆ ಮೇಲೆ ತೇಲಿದ್ದು ಬೇಕು, ಜಾಲಗಾರನಿಗೆ ತಳದಲ್ಲಿ ಉಳಿದದ್ದು ಬೇಕು. ವ್ಯತ್ಯಾಸ ಇಷ್ಟೇ.

ತಳದಲ್ಲಿ ಚಿನ್ನವೇ ಏಕೆ ಉಳಿಯಬೇಕು? ಒಂದು ಘನ ಸೆಂಟಿಮೀಟರ್ ಬೆಣಚುಕಲ್ಲಿನ ತೂಕ 2.65 ಗ್ರಾಂ, ಅಷ್ಟೇ ಗಾತ್ರದ ಚಿನ್ನದ ತೂಕ 19.3 ಗ್ರಾಂ. ಗಾಳಿಯಲ್ಲಿ ತೂಗಿದರೆ ಚಿನ್ನ ಏಳು ಪಟ್ಟು ಭಾರ. ನೀರಿನಲ್ಲಿ ಮುಳುಗಿಸಿದಾಗ ಆರ್ಕಿಮಿಡೀಸನ ನಿಯಮದಂತೆ ಎರಡರಲ್ಲೂ ಒಂದೊಂದು ಗ್ರಾಂ ಕಡಮೆಯಾಗಿ 1.65 ಮತ್ತು 18.3 ಉಳಿಯುತ್ತದೆ. ಈಗ ಭಾಗಿಸಿ ನೋಡಿ: ಹನ್ನೊಂದು ಪಟ್ಟು! ಮೊರದಲ್ಲಿ ಕೇರುವುದಕ್ಕಿಂತ ನೀರಿನಲ್ಲಿ ಜಾಲಿಸುವುದು ಏಕೆ ಮೇಲು ಎಂಬುದಕ್ಕೆ ಇದೇ ಕಾರಣ. ನಿಯಮದ ಹೆಸರು ಕೇಳದಿದ್ದವರೂ ಅದನ್ನು ಕೈಯಿಂದ ಬಲ್ಲವರಾಗಿದ್ದರು.

ಜಾಲಿಸುವ ಪಾತ್ರೆ ಎಂದರೆ ಆಳವಿಲ್ಲದ ಮರದ ಮರಿಗೆ. ಅದರಲ್ಲಿ ಒಬ್ಬರು ದಿನವಿಡೀ ತೊಳೆದರೂ ಸಾಗುವುದು ಸ್ವಲ್ಪವೇ. ಹೆಚ್ಚು ಮರಳಿಗೆ ಇಳಿಜಾರಾದ ಉದ್ದನೆಯ ಹಲಗೆಯ ದೋಣಿ ಬೇಕು. ತಳದಲ್ಲಿ ಅಡ್ಡಪಟ್ಟಿಗಳನ್ನು ಬಡಿದು, ಮೇಲಿನಿಂದ ನೀರು ಹರಿಸಿ ಮರಳು ಸುರಿದರೆ ಪ್ರತಿ ಪಟ್ಟಿಯ ಹಿಂದೆ ಭಾರದ ಕಣ ನಿಲ್ಲುತ್ತದೆ, ಹಗುರಾದದ್ದು ಹಾರಿ ಹೋಗುತ್ತದೆ. ತೀರ ನುಣ್ಣಗಿನ ಕಣಕ್ಕೆ ಪಟ್ಟಿ ಸಾಲದು. ಅಲ್ಲಿ ಕಂಬಳಿ ಹಾಸುತ್ತಾರೆ, ಉಣ್ಣೆಯ ಎಳೆಗಳ ನಡುವೆ ಚಿನ್ನ ಸಿಕ್ಕಿಕೊಳ್ಳುತ್ತದೆ. ಒಂದು ಎಚ್ಚರಿಕೆ ಬೇಕು. ಹಾಳೆಯಂತೆ ತೆಳುವಾದ ಚಿನ್ನದ ಕಣಕ್ಕೆ ಎಣ್ಣೆ ತಗಲಿದರೆ ಅದು ನೀರಿನ ಮೇಲೆಯೇ ತೇಲಿ ಹೋಗುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಅದೇ ಕೈಯಲ್ಲಿ ಮರಳು ತೊಳೆಯಲು ನಿಂತ ನಮ್ಮ ಮಕ್ಕಳಿಗೆ ಇದನ್ನು ಹೇಳಿದಾಗ ನಗೆಯೋ ನಗೆ.

ಚಿನ್ನದ ಆಸೆ ವಯನಾಡಿಗೆ ಹೊಸತಲ್ಲ. ಬತ್ತೇರಿ ದಾಟಿ ಹೋದರೆ ಸಿಗುವ ಚೇರಂಬಾಡಿ, ಪಂದಲೂರು, ದೇವಾಲ ಈಗ ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿವೆ. 1877ರವರೆಗೆ ಆ ಸೀಮೆ ವಯನಾಡಿನದೇ ಭಾಗ. ಅಲ್ಲಿನ ತೊರೆಗಳಲ್ಲೂ, ಆ ನೀರು ಇಳಿದು ಸೇರುವ ನಿಲಂಬೂರಿನ ಚಾಲಿಯಾರ್ ಹೊಳೆಯಲ್ಲೂ ಹಿಂದಿನಿಂದ ಚಿನ್ನ ತೊಳೆಯುತ್ತಿದ್ದರು. ಪಣಿಯರು ಮತ್ತು ಕುರುಂಬರು ಆ ಕೆಲಸ ಮಾಡುತ್ತಿದ್ದರು. ಪಣಿಯರು ಆಗ ಭೂಮಾಲಿಕರ ಜೀತದಲ್ಲಿದ್ದ ಜನ. ತೊಳೆದ ಕೈ ಯಾರದೋ, ಚಿನ್ನ ಸೇರಿದ ಪೆಟ್ಟಿಗೆ ಯಾರದೋ.

1879ರಲ್ಲಿ ಸರಕಾರ ಆಸ್ಟ್ರೇಲಿಯದ ವಿಕ್ಟೋರಿಯದಿಂದ ಬ್ರೋ ಸ್ಮಿತ್ ಎಂಬ ಗಣಿ ತಜ್ಞರನ್ನು ಕರೆಸಿತು. ಮರುವರ್ಷ ಬಂದ ಅವರ ವರದಿ ಲಂಡನ್ನಿನಲ್ಲಿ ಹುಚ್ಚನ್ನೇ ಎಬ್ಬಿಸಿತು. ಕಂಪೆನಿಗಳ ಮೇಲೆ ಕಂಪೆನಿಗಳು ಹುಟ್ಟಿದವು. ಕಾಡು ಕಡಿದರು, ಯಂತ್ರಗಳನ್ನು ಘಟ್ಟ ಹತ್ತಿಸಿದರು, ಬಂಗಲೆಗಳನ್ನು ಕಟ್ಟಿದರು. ಕಲ್ಲಿನಲ್ಲಿ ಎಷ್ಟು ಚಿನ್ನವಿದೆ ಎಂದು ಸರಿಯಾಗಿ ಅಳೆಯುವ ಕೆಲಸ ಮಾತ್ರ ಹಿಂದೆ ಬಿತ್ತು. ಮೇಲ್ಭಾಗದಿಂದ ಆರಿಸಿ ತೆಗೆದ ಕಲ್ಲಿನ ಲೆಕ್ಕ ಇಡೀ ಬೆಟ್ಟದ ಲೆಕ್ಕವಾಗುವುದಿಲ್ಲ. ತರಗತಿಯ ಮೂವರು ಜಾಣರ ಅಂಕ ನೋಡಿ ಸರಾಸರಿ ಹೇಳಿದ ಹಾಗೆ ಅದು. ಗಿರಣಿಗಳಲ್ಲಿ ಅರೆದಾಗ ಬಂದ ಚಿನ್ನ ಕೂಲಿಗೂ ಸಾಲಲಿಲ್ಲ. ಎರಡು ಮೂರು ವರ್ಷಗಳಲ್ಲೇ ಬಹುತೇಕ ಕಂಪೆನಿಗಳು ಮುಳುಗಿದವು. ಇಂದು ಆ ದಾರಿಯಲ್ಲಿ ಹೋದವರಿಗೆ ಕಾಣುವುದು ಚಹಾ ತೋಟ.

ಅರೆಯುವುದು ಎಂದೆವಲ್ಲ, ಅದನ್ನು ಸ್ವಲ್ಪ ವಿವರಿಸಬೇಕು. ಹೊಳೆ ತನ್ನ ಮರಳನ್ನು ತಾನೇ ಅರೆದು ಕೊಟ್ಟಿರುತ್ತದೆ. ಗಣಿಯಲ್ಲಿ ಚಿನ್ನ ಬೆಣಚುಕಲ್ಲಿನ ಒಳಗೆ ಕುಳಿತಿರುವುದರಿಂದ ಮೊದಲು ಕಲ್ಲನ್ನು ಪುಡಿ ಮಾಡಬೇಕು. ಆ ಕಾಲದ ಗಿರಣಿಯಲ್ಲಿ ಸಾಲಾಗಿ ನಿಂತ ಭಾರವಾದ ಕಬ್ಬಿಣದ ಒನಕೆಗಳು ಯಂತ್ರದ ಬಲದಿಂದ ಏರಿ ಏರಿ ಬೀಳುತ್ತಿದ್ದವು. ಭತ್ತ ಕುಟ್ಟುವುದನ್ನು ಕಂಡವರಿಗೆ ಚಿತ್ರ ಬೇಕಿಲ್ಲ. ಪುಡಿಯನ್ನು ನೀರಿನೊಡನೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸುತ್ತಿದ್ದರು. ಪಾದರಸ ಚಿನ್ನವನ್ನು ತನ್ನೊಳಗೆ ಸೇರಿಸಿಕೊಂಡು ಬೆಣ್ಣೆಯಂಥ ಮುದ್ದೆಯಾಗುತ್ತದೆ, ಕಲ್ಲಿನ ಪುಡಿಯನ್ನು ಮುಟ್ಟುವುದಿಲ್ಲ. ಮುದ್ದೆಯನ್ನು ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ.

ಆದರೆ ನೆಲದಾಳದಲ್ಲಿ ಚಿನ್ನ ಅನೇಕ ಕಡೆ ಪೈರೈಟಿನೊಳಗೆ ಅಡಗಿರುತ್ತದೆ. ಪಾದರಸಕ್ಕೆ ಅದು ಸುಲಭವಾಗಿ ಸಿಕ್ಕುವುದಿಲ್ಲ, ಗಿರಣಿಯ ಕೆಸರಿನೊಡನೆ ಹರಿದುಹೋಗುತ್ತದೆ. ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿದವರು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಮ್ಯಾಕ್ ಆರ್ಥರ್ ಮತ್ತು ಫಾರೆಸ್ಟ್ ಸಹೋದರರು. ಸೈನೈಡ್ ಲವಣವನ್ನು ನೀರಿನಲ್ಲಿ ತೀರ ತೆಳುವಾಗಿ ಕದಡಿ, ನುಣ್ಣನೆಯ ಪುಡಿಗೆ ಹಾಕಿ ಗಾಳಿಯಾಡಿಸಿದರೆ ಉಪ್ಪು ಕರಗಿದ ಹಾಗೆ ಚಿನ್ನ ಕರಗುತ್ತದೆ. ಆ ನೀರಿಗೆ ಸತುವಿನ ಪುಡಿ ಹಾಕಿದರೆ ಚಿನ್ನ ಮತ್ತೆ ಹೊರಬೀಳುತ್ತದೆ. ಇದು 1887ರ ಮಾತು. ವಯನಾಡಿನ ಕಂಪೆನಿಗಳು ಅಷ್ಟರಲ್ಲಿ ಬಾಗಿಲು ಹಾಕಿದ್ದವು. ಈ ವಿಧಾನ ಮೊದಲೇ ಬಂದಿದ್ದರೆ ದೇವಾಲ ಉಳಿಯುತ್ತಿತ್ತೇ? ನಮಗೆ ಹಾಗೆ ಅನ್ನಿಸುವುದಿಲ್ಲ. ಬಡ ಕಲ್ಲನ್ನು ಯಾವ ರಸಾಯನವೂ ಸಿರಿವಂತ ಮಾಡಲಾರದು.

ಕೋಲಾರದಲ್ಲಿ ಆದದ್ದು ಬೇರೆ. ಅಲ್ಲಿಯೂ 1802ರಲ್ಲಿ ವಾರನ್ ಎಂಬ ಅಧಿಕಾರಿಯ ಎದುರು ಹಳ್ಳಿಯ ಜನ ಮಣ್ಣು ತೊಳೆದು ಚಿನ್ನದ ಕಣ ತೋರಿಸಿದ್ದರು. ಅಲ್ಲಿಗೂ 1880ರಲ್ಲಿ ಲಂಡನ್ನಿನ ಹಣವೇ ಬಂತು, ಅದೂ ಕರಗುತ್ತ ಬಂತು. ಜಾನ್ ಟೇಲರ್ ಕಂಪೆನಿ ಪಟ್ಟು ಬಿಡದೆ ಅಗೆಸಿದಾಗ ಚಾಂಪಿಯನ್ ಎಂದು ಹೆಸರಾದ ಸಿರಿವಂತ ಪಟ್ಟೆ ಸಿಕ್ಕಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದು ಯಂತ್ರಗಳು ತಿರುಗಿದವು. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಒಟ್ಟು ಸುಮಾರು 800 ಟನ್ ಚಿನ್ನ ಕೊಟ್ಟು, ಕೊನೆಗೆ ಖರ್ಚು ಗಿಟ್ಟದೆ 2001ರ ಫೆಬ್ರವರಿ 28ರಂದು ಮುಚ್ಚಿತು. ಉಳಿದದ್ದು ಸೈನೈಡ್ ದಿಬ್ಬಗಳು: ಅರೆದು ಚಿನ್ನ ತೆಗೆದ ಕಲ್ಲಿನ ಪುಡಿ, ಮೂರು ಕೋಟಿ ಟನ್ನಿಗೂ ಮಿಕ್ಕಿ. ಬೇಸಿಗೆಯ ಗಾಳಿಗೆ ಆ ಧೂಳು ಊರೊಳಗೆ ಬರುತ್ತದೆ. 800 ಟನ್ನನ್ನು ಹಾಡಿ ಹೊಗಳುವವರು ಈ ಮೂರು ಕೋಟಿಯನ್ನೂ ಅದರ ಪಕ್ಕದಲ್ಲಿ ಬರೆಯಬೇಕು.

ಇಂದು ಕರ್ನಾಟಕದಲ್ಲಿ ಚಿನ್ನ ತೆಗೆಯುತ್ತಿರುವ ಮುಖ್ಯ ಗಣಿ ರಾಯಚೂರು ಜಿಲ್ಲೆಯ ಹಟ್ಟಿ. ಒನಕೆಯ ಕಾಲ ಮುಗಿದಿದೆ. ಉಕ್ಕಿನ ಗುಂಡುಗಳು ತುಂಬಿದ ಉರುಳೆಯಲ್ಲಿ ಕಲ್ಲು ಮುಖದ ಪೌಡರಿನಷ್ಟು ನುಣ್ಣಗಾಗುತ್ತದೆ. ಈಗಿನ ಗಣಿಗಳಲ್ಲಿ ಸತುವಿನ ಬದಲು ಇದ್ದಿಲು ಬಳಸುವುದೇ ಹೆಚ್ಚು. ಕರಗಿದ ಚಿನ್ನ ಇದ್ದಿಲಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಬಿಸಿ ದ್ರಾವಣದಲ್ಲಿ ಅದನ್ನು ಬಿಡಿಸಿ ವಿದ್ಯುತ್ತಿನಿಂದ ಲೋಹವಾಗಿ ಪಡೆಯುತ್ತಾರೆ. ಈ ಕೆಲಸಕ್ಕೆ ಅತ್ಯುತ್ತಮವೆಂದು ಲೋಕವೆಲ್ಲ ಒಪ್ಪಿದ ಇದ್ದಿಲು ಯಾವುದು ಗೊತ್ತೇ? ತೆಂಗಿನ ಚಿಪ್ಪಿನದು!

ಅದಿರಿನ ಒಂದು ಟನ್ನಿನಲ್ಲಿ 4 ಗ್ರಾಂ ಚಿನ್ನವಿದ್ದರೆ ಅದನ್ನು ಅಗೆಯಲು ಯೋಗ್ಯವೆಂದು ಎಣಿಸುತ್ತಾರೆ. 4 ಗ್ರಾಂ ಎಂದರೆ ಗಾತ್ರದಲ್ಲಿ ಒಂದು ಕಡಲೆ ಕಾಳು. ಒಂದು ಪವನ್ ಸರಕ್ಕೆ, ಏನೂ ಪೋಲಾಗದಿದ್ದರೂ, ಎರಡು ಟನ್ ಕಲ್ಲು ಅರೆಯಬೇಕು. ಮದುವೆಯ ಮಾತುಕತೆಯಲ್ಲಿ ಪವನ್ ಲೆಕ್ಕ ಹಾಕುವ ಹಿರಿಯರು ಈ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಲಿ.

ಇನ್ನು ಪೋಷಕರಿಗೂ ಹೇಳಬೇಕಾದ ಒಂದು ವಿಷಯ. ಪಾಠ ಮುಗಿದ ಮೇಲೆ ಇಬ್ಬರು ಹುಡುಗರು ಹಿಂದೆ ಉಳಿದು, “ಲ್ಯಾಬಿನ ಪಾದರಸ ಸ್ವಲ್ಪ ಕೊಡುತ್ತೀರಾ ಸಾರ್? ಹೊಳೆಯ ಮರಳಿಗೆ ಹಾಕಿ, ಮನೆಯ ಒಲೆಯ ಮೇಲೆ ಕಾಯಿಸಿ ನೋಡುತ್ತೇವೆ” ಎಂದರು. ನಮಗೆ ಎದೆ ಝಲ್ಲೆಂದಿತು. ಪಾದರಸದ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ಒಳಹೊಕ್ಕು ನರಗಳನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಮನೆಯಲ್ಲಿ ಬಸುರಿಯರಿದ್ದರೆ ಹೊಟ್ಟೆಯ ಮಗುವಿಗೂ ಕೇಡು. ನೀರಿಗೆ ಸೇರಿದ ಪಾದರಸ ಇನ್ನೂ ಘೋರವಾದ ರೂಪ ತಾಳಿ ಮೀನಿನ ಮೈಯಲ್ಲಿ ಕೂಡುತ್ತದೆ. ಜಪಾನಿನ ಮಿನಮಾಟದಲ್ಲಿ ಒಂದು ರಾಸಾಯನಿಕ ಕಾರ್ಖಾನೆಯ ಕೊಳೆನೀರಿನಿಂದ ಹೀಗಾಗಿ, ಮೀನು ತಿಂದ ಜನ ಕೈಕಾಲು ಸ್ವಾಧೀನ ತಪ್ಪಿ ನರಳಿದ್ದು 1956ರಲ್ಲಿ ಬೆಳಕಿಗೆ ಬಂತು. ಆ ಊರಿನ ಹೆಸರಿನಲ್ಲೇ 2013ರಲ್ಲಿ ಪಾದರಸ ತಡೆಯುವ ಅಂತಾರಾಷ್ಟ್ರೀಯ ಒಪ್ಪಂದವಾಯಿತು. ಭಾರತ 2018ರಲ್ಲಿ ಅದಕ್ಕೆ ಸೇರಿತು. ಆ ಹುಡುಗರಿಬ್ಬರೂ ಕಬಿನಿಯ ಮೀನು ತಿನ್ನುವ ಮನೆಯವರೇ. ಅಂದು ಸಂಜೆಯೇ ಪಾದರಸದ ಸೀಸೆಯಿರುವ ಕಪಾಟಿಗೆ ಬೀಗ ಹಾಕಿಸಿದೆವು.

ಅದರ ಬದಲು ಅವರಿಗೆ ಕೊಟ್ಟ ಕೆಲಸವನ್ನು ನೀವೂ ಮಾಡಬಹುದು. ಲೇತ್ ಅಂಗಡಿಯಿಂದ ಕಬ್ಬಿಣದ ಸಣ್ಣ ಚೂರು ತಂದು ಎಣಿಸಿ 50 ಆರಿಸಿ. ಚೂಪಾಗಿರುವುದರಿಂದ ಬೆರಳು ಜೋಪಾನ. ಎರಡು ಹಿಡಿ ಮರಳಿಗೆ ಬೆರೆಸಿ, ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ಜಾಲಿಸಿ. ಕೊನೆಗೆ ಉಳಿದ ಚೂರುಗಳನ್ನು ಅಯಸ್ಕಾಂತದಿಂದ ಎತ್ತಿ ಎಣಿಸಿದರೆ ನೂರಕ್ಕೆ ಎಷ್ಟು ಕೈಗೆ ಬಂತೆಂದು ತಿಳಿಯುತ್ತದೆ. ಕಬ್ಬಿಣ ಚಿನ್ನದ ಅರ್ಧದಷ್ಟೂ ಭಾರವಿಲ್ಲ, ಆದ್ದರಿಂದ ಮೊದಲ ಸಲ ಕಡಮೆ ಬಂದರೆ ಬೇಸರ ಬೇಡ. ಕೈಯ ಎಣ್ಣೆಯನ್ನು ಸಾಬೂನಿನಿಂದ ತೊಳೆದು ಇನ್ನೊಮ್ಮೆ ಮಾಡಿ. ಆಮೇಲೆ ಈ ಲೆಕ್ಕ: ಟನ್ನಿಗೆ 4 ಗ್ರಾಂ ಇರುವ ಅದಿರಿನಲ್ಲಿ ನೂರಕ್ಕೆ 90 ಭಾಗ ಮಾತ್ರ ಕೈಗೆ ಬಂದರೆ 8 ಗ್ರಾಂ ಪವನಿಗೆ ಎಷ್ಟು ಕಲ್ಲು ಬೇಕು?

ಮಕ್ಕಳು ತಂದ ಆ ಡಬ್ಬಿ ವಿಜ್ಞಾನದ ಕೋಣೆಯ ಕಿಟಕಿಯ ಬಳಿ ಈಗಲೂ ಇದೆ. ಅದರ ಮೇಲೆ ಅವರೇ ಚೀಟಿ ಅಂಟಿಸಿದ್ದಾರೆ: ‘ಕಾಗೆ ಬಂಗಾರ, ಪೆರಿಕ್ಕಲ್ಲೂರು ಕಡವು.’