ಹಸುವಿನ ನಾಲಿಗೆಯೇ ಅದರ ಕೈ



ಹಸುವಿನ ಕೆಚ್ಚಲನ್ನು ನಾವು ದಿನಕ್ಕೆ ಎರಡು ಬಾರಿ ನೋಡುತ್ತೇವೆ. ಆ ಕೆಚ್ಚಲಿಗೆ ಹಾಲು ಬರಬೇಕಾದರೆ ಮೊದಲು ದುಡಿಯಬೇಕಾದ ಅಂಗ ನಾಲಿಗೆ. ಅದರ ರಚನೆ ತಿಳಿದಿದ್ದರೆ ಔಷಧ ಕುಡಿಸುವಾಗ ಮತ್ತು ಮೇವು ಹಾಕುವಾಗ ಆಗುವ ಎರಡು ದೊಡ್ಡ ಅನಾಹುತಗಳನ್ನು ತಪ್ಪಿಸಬಹುದು.

ನಾಲಿಗೆ ಬೆಳೆದು ಬಂದ ಬಗೆ

ಮೀನಿಗೆ ನಮ್ಮಂತೆ ಮಾಂಸಲವಾದ, ಹೊರಳುವ ನಾಲಿಗೆ ಇಲ್ಲ. ಅದು ಬಾಯಿ ತೆರೆದು ನೀರನ್ನು ಎಳೆದುಕೊಂಡರೆ ಆ ನೀರೇ ಆಹಾರವನ್ನು ಗಂಟಲಿಗೆ ಒಯ್ಯುತ್ತದೆ. ಸುಮಾರು 37 ಕೋಟಿ ವರ್ಷಗಳ ಹಿಂದೆ ಕಾಲುಳ್ಳ ಪ್ರಾಣಿಗಳು ಕಾಣಿಸಿಕೊಂಡು, ಕ್ರಮೇಣ ನೆಲದ ಮೇಲೆ ಬದುಕತೊಡಗಿದಾಗ ನೀರಿನ ಈ ಸಹಾಯ ತಪ್ಪಿತು. ಆಹಾರವನ್ನು ಹಿಂದಕ್ಕೆ ತಳ್ಳುವ ಕೆಲಸ ನಾಲಿಗೆಯ ಪಾಲಿಗೆ ಬಂತು. ಮುಂದೆ ಒಂದೊಂದು ಪ್ರಾಣಿಯ ನಾಲಿಗೆ ಅದರ ಆಹಾರಕ್ಕೆ ತಕ್ಕಂತೆ ಬದಲಾಯಿತು. ಕಪ್ಪೆ ನಾಲಿಗೆ ಚಾಚಿ ಹುಳ ಹಿಡಿಯುತ್ತದೆ. ಹಾವಿನ ಸೀಳು ನಾಲಿಗೆ ವಾಸನೆ ತಿಳಿಯಲು ನೆರವಾಗುತ್ತದೆ. ಹಸುವಿನ ನಾಲಿಗೆ ಹುಲ್ಲು ಸೆಳೆಯುವುದಕ್ಕೆ ಒಗ್ಗಿದೆ.

ಹಸುವಿನ ನಾಲಿಗೆಯ ರಚನೆ

ಹಸುವಿಗೆ ಕೆಳದವಡೆಯಲ್ಲಿ 8 ಮುಂದಿನ ಹಲ್ಲುಗಳಿವೆ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಗಟ್ಟಿ ವಸಡು ಮಾತ್ರ. ಆದ್ದರಿಂದ ಅದು ನಾಲಿಗೆಯನ್ನು ಹುಲ್ಲಿಗೆ ಸುತ್ತಿ ಬಾಯೊಳಗೆ ಎಳೆದುಕೊಳ್ಳುತ್ತದೆ. ಕುರಿ, ಮೇಕೆಗಳು ತುಟಿಯಿಂದ ಆರಿಸಿ ತಿನ್ನಬಲ್ಲವು. ಹಸು ಹಾಗಲ್ಲ, ಹಿಡಿ ಹಿಡಿಯಾಗಿ ಬಾಚುತ್ತದೆ. ನಾಲಿಗೆಯ ಮೇಲಿನ ಒರಟು ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ ಒಳಗೆ ಹೋದದ್ದು ಸುಲಭವಾಗಿ ಹೊರಬರುವುದಿಲ್ಲ.

ಮೊದಲ ಎಚ್ಚರಿಕೆ: ಗೊಟ್ಟ ಹಾಕುವಾಗ

ನುಂಗುವಾಗ ನಾಲಿಗೆ ಹಿಂದಕ್ಕೆ ಸರಿಯುತ್ತದೆ. ಅದೇ ಹೊತ್ತಿಗೆ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ನಾವು ನಾಲಿಗೆಯನ್ನು ಹೊರಗೆಳೆದು ಹಿಡಿದು ಔಷಧ ಸುರಿದರೆ ಹಸು ನುಂಗಲಾರದು. ಔಷಧ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿ ಹಸು ಸಾಯಬಹುದು. ಎಣ್ಣೆ ಇನ್ನೂ ಅಪಾಯ, ಏಕೆಂದರೆ ಅದು ತಪ್ಪು ದಾರಿಗೆ ಹೋದರೂ ಹಸು ಕೂಡಲೇ ಕೆಮ್ಮದಿರಬಹುದು.

1. ನಾಲಿಗೆಯನ್ನು ಹಿಡಿಯಬೇಡಿ. ಹಸುವಿನ ತಲೆಯನ್ನು ಬೆನ್ನಿನ ಮಟ್ಟಕ್ಕಿಂತ ಮೇಲೆತ್ತಬೇಡಿ.
2. ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಹಾಕಿ, ನುಂಗಲು ಸಮಯ ಕೊಡಿ. ಕೆಮ್ಮಿದರೆ ತಕ್ಷಣ ತಲೆ ಬಿಡಿ.
3. ಕರು ಹಾಕಿದ ಮೇಲೆ ಹಾಲುಜ್ವರದಿಂದ ನೆಲ ಹಿಡಿದ ಹಸುವಿಗೆ ಬಾಯಿಯ ಮೂಲಕ ಏನನ್ನೂ ಕುಡಿಸಬೇಡಿ. ಅದಕ್ಕೆ ನುಂಗುವ ಶಕ್ತಿ ಕುಂದಿರುತ್ತದೆ. ಕೂಡಲೇ ಪಶುವೈದ್ಯರನ್ನು ಕರೆಸಿ.

ಎರಡನೆಯ ಎಚ್ಚರಿಕೆ: ತಂತಿ, ಮೊಳೆ

ಮೇವಿನಲ್ಲಿರುವ ತಂತಿ ಚೂರು, ಮೊಳೆ, ಸೂಜಿಗಳನ್ನು ಹಸು ಬೇರ್ಪಡಿಸಲಾರದು. ಅವು ಜೇನುಗೂಡಿನಂತಿರುವ ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತವೆ. ಹೃದಯ ಅಲ್ಲಿಗೆ ಬಹಳ ಹತ್ತಿರ. ತಂತಿ ಚುಚ್ಚಿಕೊಂಡರೆ ಹಸು ಮೇವು ಬಿಡುತ್ತದೆ, ಬೆನ್ನು ಬಾಗಿಸಿ ನಿಲ್ಲುತ್ತದೆ, ಹಾಲು ಒಮ್ಮೆಲೇ ಇಳಿಯುತ್ತದೆ. ಹೃದಯದ ಚೀಲಕ್ಕೆ ತಗುಲಿದರೆ ಉಳಿಸುವುದು ಕಷ್ಟ. ಮೇವಿನ ಕಟ್ಟನ್ನು ತಂತಿಯಿಂದ ಬಿಗಿಯಬೇಡಿ. ಗೋದಲಿಯನ್ನು ದಿನವೂ ಗುಡಿಸಿ. ಹಿಂಡಿಯ ಚೀಲ ಹೊಲಿದ ದಬ್ಬಣವನ್ನು ಕೊಟ್ಟಿಗೆಯಲ್ಲಿ ಬಿಡಬೇಡಿ.

ಜೊಲ್ಲು ಸುರಿಯುತ್ತಿದ್ದರೆ

ಕಾಲುಬಾಯಿ ಜ್ವರದಲ್ಲಿ ನಾಲಿಗೆಯ ಮೇಲೆ ಗುಳ್ಳೆಗಳೆದ್ದು ಒಡೆಯುತ್ತವೆ. ಹಸಿವಿದ್ದರೂ ಹಸು ಮೇವು ಮುಟ್ಟುವುದಿಲ್ಲ. ಅಂಥ ಹಸುವನ್ನು ಬೇರೆ ಕಟ್ಟಿ, ಮೆದುವಾದ ಗಂಜಿಯನ್ನು ಮುಂದಿಡಿ, ವೈದ್ಯರಿಗೆ ತಿಳಿಸಿ. ಲಸಿಕೆ ತಪ್ಪಿಸಬೇಡಿ. ಆದರೆ ಜೊಲ್ಲು ಸುರಿಸುವ ಹಸುವಿನ ಬಾಯಿಗೆ ಬರಿಗೈ ಹಾಕಲೇಬೇಡಿ. ಅದು ಹುಚ್ಚುನಾಯಿ ರೋಗವೂ ಆಗಿರಬಹುದು.

ನಾಲಿಗೆ ಆರೋಗ್ಯವಾಗಿದ್ದರೆ ಹಸು ಮೇಯುತ್ತದೆ. ಹಸು ಮೇದರೆ ತಾನೇ ನಮ್ಮ ಕ್ಯಾನಿಗೆ ಹಾಲು!