ಐದು ವರ್ಷದ ಸಂಶೋಧನೆ, ಮೂರು ನಿಮಿಷದ ಮಾತು

ಸ್ನಾನಕ್ಕೆ ಮೂರೇ ನಿಮಿಷ. ಬರಗಾಲದಲ್ಲಿ ನೀರು ಉಳಿಸಲು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಜನ ಬಚ್ಚಲಿನ ಗೋಡೆಗೆ ಮೂರು ನಿಮಿಷದ ಮರಳು ಗಡಿಯಾರ ಅಂಟಿಸಿಕೊಂಡಿದ್ದರು. ಸಂಶೋಧನಾ ವಿದ್ಯಾರ್ಥಿಗಳ ಮಾತಿಗೂ ಇದೇ ಅಳತೆ ಇಟ್ಟರೆ ಹೇಗೆ ಎಂದು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಡೀನ್ ಅಲನ್ ಲಾಸನ್ ಅವರಿಗೆ ಹೊಳೆಯಿತು. 2008ರಲ್ಲಿ 160 ವಿದ್ಯಾರ್ಥಿಗಳೊಂದಿಗೆ ಶುರುವಾದ ಆ ಸ್ಪರ್ಧೆಯೇ ‘ತ್ರೀ ಮಿನಿಟ್ ಥೀಸಿಸ್’. ಈಗ 80ಕ್ಕೂ ಹೆಚ್ಚು ದೇಶಗಳ 900ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಲ್ಲಿ ಅದು ನಡೆಯುತ್ತದೆ. ನಮ್ಮ ದೇಶದಲ್ಲೂ ನಡೆಯುತ್ತದೆ. ಇದೇ ಬಗೆಯ, ಬೇರೆ ಹೆಸರಿನ ಕಿರುಭಾಷಣ ಸ್ಪರ್ಧೆಗಳನ್ನು ಕಾಲೇಜುಗಳೂ ವಿಜ್ಞಾನ ಸಮ್ಮೇಳನಗಳೂ ಇಟ್ಟುಕೊಳ್ಳುತ್ತಿವೆ.

ಸಕಲೇಶಪುರ, ಆಲೂರು ಕಡೆಯಿಂದ ಕಾರೆಕೆರೆಯ ಕೃಷಿ ಕಾಲೇಜಿಗೋ ಹೇಮಗಂಗೋತ್ರಿಗೋ ಮೂಡಿಗೆರೆಯ ತೋಟಗಾರಿಕೆ ಕಾಲೇಜಿಗೋ ಬೆಂಗಳೂರಿನ ಜಿಕೆವಿಕೆಗೋ ಹೋಗಿ ಸಂಶೋಧನೆಗೆ ಕೂತ ಹುಡುಗ ಹುಡುಗಿಯರಿಗೆ ಈ ಬರಹ. ಬೇರೆ ಊರಿಂದ ಬಂದು ಇಲ್ಲಿಯ ಕಾಫಿ, ಏಲಕ್ಕಿ, ಆನೆ, ಹೊಳೆಗಳ ಮೇಲೆ ಕೆಲಸ ಮಾಡುತ್ತಿರುವವರಿಗೂ ಇದು ಅನ್ವಯಿಸುತ್ತದೆ. ದೋಣಿಗಾಲ್‌ನಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರ ಇರುವುದು ಸುಮ್ಮನೆ ಅಲ್ಲ. ಈ ಗುಡ್ಡಗಳಲ್ಲಿ ಸಂಶೋಧನೆಗೆ ವಿಷಯದ ಕೊರತೆಯಿಲ್ಲ. ಕೊರತೆ ಇರುವುದು ಅದನ್ನು ಬಿಡಿಸಿ ಹೇಳುವವರದ್ದು.

ಮೊದಲು ನಿಯಮ ಓದಿ

ನಿಯಮ ಗೊತ್ತಿಲ್ಲದೆ ಸೋತವರಷ್ಟು ಜನ ಮಾತು ಬಾರದೆ ಸೋತಿರಲಿಕ್ಕಿಲ್ಲ. ಮೂಲ ಸ್ಪರ್ಧೆಯಲ್ಲಿ ಮೂರು ನಿಮಿಷದ ಮೇಲೆ ಒಂದು ಸೆಕೆಂಡ್ ಹೋದರೂ ಅನರ್ಹ. ಒಂದೇ ಒಂದು ಸ್ಲೈಡ್, ಅದೂ ಅಲುಗಾಡದ ಸ್ಲೈಡ್. ಅನಿಮೇಷನ್, ವಿಡಿಯೊ, ಧ್ವನಿಮುದ್ರಿಕೆ ಯಾವುದೂ ಇಲ್ಲ. ಕೈಯಲ್ಲಿ ಕಾಫಿ ಗಿಡದ ತುಂಡು ಹಿಡಿದು ಹೋಗುವಂತಿಲ್ಲ, ವೇಷ ಹಾಕುವಂತಿಲ್ಲ. ಹಾಡು, ಪದ್ಯವೂ ಸಲ್ಲದು. ನೀವು ಬಾಯಿ ತೆರೆದಾಗ ಮಾತ್ರವಲ್ಲ, ಅಭಿನಯಕ್ಕೆ ಕೈ ಎತ್ತಿದರೂ ಗಡಿಯಾರ ಓಡಲು ಶುರು. ಹಾಗಾಗಿ ಮೌನವಾಗಿ ನಟಿಸಿ ಸಮಯ ಗಿಟ್ಟಿಸುವ ಜಾಣತನ ನಡೆಯುವುದಿಲ್ಲ.

ಮೂಲ ಸ್ಪರ್ಧೆ ಪಿಎಚ್.ಡಿ. ವಿದ್ಯಾರ್ಥಿಗಳಿಗೆ. ಎಂ.ಎಸ್ಸಿ., ಎಂ.ಎ.ಯವರಿಗೆ ಅವಕಾಶ ಇದೆಯೇ ಎಂಬುದನ್ನು ನಿಮ್ಮ ವಿಶ್ವವಿದ್ಯಾಲಯದ ಸುತ್ತೋಲೆಯಲ್ಲೇ ನೋಡಿಕೊಳ್ಳಿ. ಗೆಳೆಯರ ವಾಟ್ಸ್‌ಆ್ಯಪ್ ಮಾತು ನಂಬಬೇಡಿ.

ತೀರ್ಪುಗಾರರು ನೋಡುವುದು ಮುಖ್ಯವಾಗಿ ಎರಡು: ವಿಷಯ ಎಷ್ಟು ಅರ್ಥವಾಯಿತು, ಕೇಳುಗರನ್ನು ಎಷ್ಟು ಹಿಡಿದಿಟ್ಟಿರಿ. ಸರಳ ಮಾಡುವ ಭರದಲ್ಲಿ ಸಂಶೋಧನೆಯನ್ನು ಹಗುರ ಮಾಡಿದಿರಾ ಎಂಬುದನ್ನೂ ನೋಡುತ್ತಾರೆ. ಇದು ಬಹಳ ಜನರ ಗಮನಕ್ಕೆ ಬಾರದ ಅಂಶ.

ಒಂದೇ ಪ್ರಶ್ನೆ ಆರಿಸಿ

80,000 ಪದಗಳ ಪ್ರಬಂಧವನ್ನು ಓದಿ ಹೇಳಲು ಒಂಬತ್ತು ಗಂಟೆ ಬೇಕು ಎನ್ನುವುದು ಈ ಸ್ಪರ್ಧೆಯವರ ಲೆಕ್ಕ. ಅದನ್ನು ಮೂರು ನಿಮಿಷಕ್ಕೆ ಕುಗ್ಗಿಸಲು ಹೊರಟರೆ ಉಳಿಯುವುದು ಅಧ್ಯಾಯಗಳ ಪಟ್ಟಿ. ಕುಗ್ಗಿಸಬೇಡಿ. ಪ್ರಬಂಧದ ಒಳಗಿನ ಒಂದು ಪ್ರಶ್ನೆಯನ್ನು ಎತ್ತಿಕೊಂಡು ಉಳಿದದ್ದನ್ನು ಬಿಡಿ. ಬಿಡುವಾಗ ಹೊಟ್ಟೆ ಉರಿಯುತ್ತದೆ, ನಿಜ. ಎರಡು ವರ್ಷ ಕೂತು ಮಾಡಿದ ಪ್ರಯೋಗದ ಬಗ್ಗೆ ಒಂದು ವಾಕ್ಯವೂ ಬರದೆ ಹೋಗಬಹುದು. ಬರದಿದ್ದರೆ ಬರದಿರಲಿ.

ಯಾವ ಪ್ರಶ್ನೆ? ಕೇಳುಗರಿಗೆ ಗೊತ್ತಿರುವ ಸಂಗತಿಯಲ್ಲಿ ಅವರಿಗೆ ಗೊತ್ತಿಲ್ಲದ ಒಂದು ಗಂಟು ಇರಬೇಕು. ಆನೆಯನ್ನೇ ತೆಗೆದುಕೊಳ್ಳಿ. ಆಲೂರು, ಸಕಲೇಶಪುರದವರ ಮುಂದೆ “ಆನೆ–ಮಾನವ ಸಂಘರ್ಷ ಒಂದು ಗಂಭೀರ ಸಮಸ್ಯೆ” ಎಂದು ಶುರು ಮಾಡಿದರೆ ಮುಂದಿನ ಸಾಲಿನವರು ಮೊಬೈಲ್ ತೆಗೆಯುತ್ತಾರೆ. ಅವರು ರಾತ್ರಿ ಗದ್ದೆ ಕಾದವರು, ಆನೆ ದಾಟಲಿ ಎಂದು ಜೀಪು ನಿಲ್ಲಿಸಿಕೊಂಡು ಕೂತವರು. ಅದರ ಬದಲು ಹೀಗೆ ಹೇಳಿ ನೋಡಿ: “2014ರಲ್ಲಿ ನಮ್ಮ ಆಲೂರು, ಸಕಲೇಶಪುರ ಭಾಗದಲ್ಲಿ 22 ಆನೆ ಹಿಡಿದರು. ಆದರೂ ಇವತ್ತು ತೋಟದಲ್ಲಿ ಆನೆ ಇದೆ. ಬಂದದ್ದು ಎಲ್ಲಿಂದ?” ಈಗ ಆ ಮುಂದಿನ ಸಾಲಿನವರೂ ಉತ್ತರ ಕೇಳಿಯೇ ಏಳುತ್ತಾರೆ. ಪ್ರೊ. ರಾಮನ್ ಸುಕುಮಾರ್ ನೇತೃತ್ವದ ಆನೆ ಕಾರ್ಯಪಡೆ 2012ರಲ್ಲಿ ಕೊಟ್ಟ ವರದಿ, ಆನೆ ಇರಬೇಕಾದ ವಲಯ, ಜೊತೆಗೆ ಬಾಳಬೇಕಾದ ವಲಯ, ತೆಗೆಯಬೇಕಾದ ವಲಯ ಎಂಬ ಅದರ ವಿಂಗಡಣೆ, ಇವೆಲ್ಲ ಪ್ರಬಂಧದಲ್ಲಿ ಇರಲಿ. ವೇದಿಕೆಯಲ್ಲಿ ಒಂದು ವಾಕ್ಯ ಸಾಕು.

ವಿಷಯ ಜನರಿಗೆ ಉಪಯೋಗವಿಲ್ಲದ್ದು ಅನ್ನಿಸಿದರೆ ಊರಿನ ಹೆಸರೇ ಕೈಹಿಡಿಯುತ್ತದೆ. ಕಪ್ಪೆಯ ಮೇಲೆ ಸಂಶೋಧನೆ ಅಂದರೆ ನಗುವವರೇ ಹೆಚ್ಚು. ಆದರೆ ಶಿರಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ನಾವೆಲ್ಲ ಕಿಟಕಿಯಿಂದ ನೋಡುವ ಕೆಂಪುಹೊಳೆ ಕಾಡಿನ ಒಂದು ಪುಟ್ಟ ಕಪ್ಪೆಯನ್ನು 1937ರಲ್ಲೇ ವಿಜ್ಞಾನಕ್ಕೆ ಪರಿಚಯಿಸಿದವರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್. ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ನಿಕ್ಟಿಬಟ್ರಾಕಸ್ ಕೆಂಪೋಲಿಯೆನ್ಸಿಸ್ ಎಂಬ ಆ ಹೆಸರಿನಲ್ಲಿ ಕೆಂಪುಹೊಳೆ ಇವತ್ತಿಗೂ ಇದೆ. ಇಷ್ಟು ಹೇಳಿದ ಮೇಲೆ ಯಾರೂ ನಗುವುದಿಲ್ಲ.

ಶೀರ್ಷಿಕೆಯನ್ನು ಮಾತಾಗಿಸಿ

ಉದಾಹರಣೆಗೆ, ನಿಮ್ಮ ಪ್ರಬಂಧದ ಶೀರ್ಷಿಕೆ ಹೀಗಿದೆ ಎನ್ನಿ: “ಸಕಲೇಶಪುರ ತಾಲ್ಲೂಕಿನ ಅರೇಬಿಕಾ ಕಾಫಿ ಕೃಷಿ ಪರಿಸರ ವ್ಯವಸ್ಥೆಯಲ್ಲಿ ನೆರಳಿನ ಸಾಂದ್ರತೆ ಮತ್ತು ಬಿಳಿ ಕಾಂಡಕೊರಕ ಬಾಧೆಯ ಪರಸ್ಪರ ಸಂಬಂಧದ ಒಂದು ವಿಶ್ಲೇಷಣಾತ್ಮಕ ಅಧ್ಯಯನ.” ಇದನ್ನು ಓದಿ ಮುಗಿಸುವಷ್ಟರಲ್ಲೇ ಹತ್ತು ಸೆಕೆಂಡ್ ಹೋಯಿತು, ಯಾರಿಗೂ ಏನೂ ತಲುಪಲಿಲ್ಲ.

ಅದನ್ನೇ ಬಿಡಿಸಿ: “ಅರೇಬಿಕಾ ಬೆಳೆಯುವವರಿಗೆ ಬೋರರ್ ಗೊತ್ತು. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳ ಕಾಂಡ ಕೊರೆದು ಒಳಗೆ ಹೋಗುತ್ತದೆ, ಹಸಿರಾಗಿದ್ದ ಗಿಡ ಹಳದಿಗೆ ತಿರುಗಿದಾಗ ನಮಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ಗಿಡ ಕಿತ್ತು ಸುಡುವುದೊಂದೇ ದಾರಿ. ಈ ದುಂಬಿಗೆ ಬಿಸಿಲು ಬಿದ್ದ ಕಾಂಡ ಇಷ್ಟ. ಹಾಗಿದ್ದರೆ ನೆರಳಿನ ಮರ ಕಡಿದಾಗೆಲ್ಲ ಅದನ್ನು ನಾವೇ ಕರೆಯುತ್ತಿದ್ದೇವಾ? ಎಷ್ಟು ನೆರಳು ತೆಗೆದರೆ ಎಷ್ಟು ಗಿಡ ಹೋಗುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ.”

ಇದಕ್ಕೆ ಸುಮಾರು ಅರ್ಧ ನಿಮಿಷ. ‘ಪರಿಸರ ವ್ಯವಸ್ಥೆ’ ಬಂದಿಲ್ಲ, ‘ಸಾಂದ್ರತೆ’ ಬಂದಿಲ್ಲ; ಆದರೆ ತಪ್ಪೂ ಹೇಳಿಲ್ಲ. ‘ಕಾಂಡಕೊರಕ’ ಎಂದು ಪುಸ್ತಕದ ಮಾತು ಬಳಸುವುದಕ್ಕಿಂತ ತೋಟದಲ್ಲಿ ಆಡುವ ‘ಬೋರರ್’ ಎಂದೇ ಹೇಳಿದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಹಾಸನದ ಸಭೆಯಲ್ಲಾದರೆ ಖಂಡಿತ. ಬೆಂಗಳೂರಿನ ಸಭೆಯಲ್ಲಾದರೆ ಒಮ್ಮೆ ಎರಡನ್ನೂ ಜೋಡಿಸಿ ಹೇಳಿ, ಆಮೇಲೆ ಒಂದನ್ನೇ ಹಿಡಿಯಿರಿ.

ಮುಂದಿನ ಒಂದೂವರೆ ನಿಮಿಷ ನೀವು ಮಾಡಿದ ಕೆಲಸಕ್ಕೆ. ಎಲ್ಲಿ ನಿಂತಿರಿ, ಏನು ಎಣಿಸಿದಿರಿ, ಏನು ಕಂಡಿರಿ. ಇಲ್ಲಿ ಕೈಗೆ ಸಿಗುವ ಒಂದು ವಿವರ ಇರಲಿ: ತೊಗಟೆಯ ಮೇಲೆ ಎದ್ದ ಏಣು, ಸೀಳಿದ ಕಾಂಡದೊಳಗಿನ ಪುಡಿ. ಕಡೆಯ ಮುಕ್ಕಾಲು ನಿಮಿಷ, ಇದರಿಂದ ಯಾರಿಗೆ ಏನು ಎಂಬುದಕ್ಕೆ. “ಇದು ರೈತರಿಗೆ ಅತ್ಯಂತ ಉಪಯುಕ್ತ” ಎಂದು ಬಿಟ್ಟರೆ ಉಪಯೋಗ ಏನೆಂದು ಹೇಳಿದ ಹಾಗಾಗಲಿಲ್ಲ. ಸಿಲ್ವರ್ ಮರ ಮಾರುವ ಮುನ್ನ ತೋಟದವರು ಯಾವ ಲೆಕ್ಕ ನೋಡಬೇಕು ಎಂದು ಹೇಳಿ. ಫಲಿತಾಂಶ ಇನ್ನೂ ಪೂರ್ತಿ ಬಂದಿಲ್ಲವೇ? ಬಂದಿಲ್ಲ ಎಂದೇ ಹೇಳಿ, ಇದುವರೆಗೆ ಕಂಡದ್ದನ್ನು ಹೇಳಿ. ಬಾರದ ಫಲಿತಾಂಶವನ್ನು ಬಂದಂತೆ ಹೇಳುವವರು ಪ್ರಶ್ನೋತ್ತರದಲ್ಲಿ ಸಿಕ್ಕಿಬೀಳುತ್ತಾರೆ. ಪ್ರಶ್ನೋತ್ತರ ಇಲ್ಲದ ಕಡೆ ಮಾರ್ಗದರ್ಶಕರ ಕೈಗೆ.

ಪದ ಎಣಿಸಿ

ಇಂಗ್ಲಿಷಿನಲ್ಲಿ ಮೂರು ನಿಮಿಷಕ್ಕೆ 400 ಪದದ ಆಸುಪಾಸು ಹಿಡಿಯುತ್ತದೆ. ವಿಭಕ್ತಿ, ಪ್ರತ್ಯಯ ಎಲ್ಲ ಸೇರಿ ಕನ್ನಡದ ಪದ ಉದ್ದ, ಹಾಗಾಗಿ ಅದೇ ಲೆಕ್ಕ ಇಲ್ಲಿ ನಡೆಯದು. 250 ಪದದಿಂದ ಶುರು ಮಾಡಿ, ಗಟ್ಟಿಯಾಗಿ ಓದಿ, ಗಡಿಯಾರ ನೋಡಿ. 300 ದಾಟಿದರೆ ಮಾತು ಓಟವಾಗುತ್ತದೆ. ಗುರಿ 2 ನಿಮಿಷ 45 ಸೆಕೆಂಡ್. ಉಳಿದ ಹದಿನೈದು ಸೆಕೆಂಡ್ ಚಪ್ಪಾಳೆಗೂ ನಗುವಿಗೂ ತಡವರಿಕೆಗೂ ಬೇಕು.

ಬರೆದದ್ದನ್ನು ಅಕ್ಷರಶಃ ಬಾಯಿಪಾಠ ಮಾಡಬೇಕೇ ಎಂಬುದು ಹಳೆಯ ಚರ್ಚೆ. ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಬಾಯಿಪಾಠ ಇರಲಿ. ನಡುವಿನದು ಕ್ರಮ ಮಾತ್ರ ನೆನಪಿರಲಿ. ಪೂರ್ತಿ ಉರು ಹೊಡೆದವರು ಒಂದು ಪದ ಮರೆತರೆ ಅಲ್ಲೇ ನಿಲ್ಲುತ್ತಾರೆ.

ಸ್ಲೈಡ್

ಒಂದು ಚಿತ್ರ. ನೀವೇ ತೆಗೆದ ಫೋಟೊ ಆದರೆ ಇನ್ನೂ ಒಳ್ಳೆಯದು. ಪಟ್ಟಿ, ಗ್ರಾಫ್, ವಿಶ್ವವಿದ್ಯಾಲಯದ ಮೂರು ಲಾಂಛನ, ಕೆಳಗೆ ‘ಧನ್ಯವಾದಗಳು’, ಯಾವುದೂ ಬೇಡ. ಮಂಜಿನ ಗುಡ್ಡದ ಚಂದದ ಫೋಟೊ ಹಾಕುವ ಆಸೆ ನಮ್ಮ ಕಡೆಯವರಿಗೆ ಹೆಚ್ಚು. ಅದು ಪ್ರವಾಸೋದ್ಯಮ ಇಲಾಖೆಯ ಕೆಲಸ. ಕನ್ನಡ ಅಕ್ಷರ ಇದ್ದರೆ ಸ್ಲೈಡನ್ನು ಚಿತ್ರವಾಗಿ ಅಥವಾ ಪಿಡಿಎಫ್ ಆಗಿ ಉಳಿಸಿ ಕಳಿಸಿ. ಸಭಾಂಗಣದ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ, ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ.

ಯಾರ ಮುಂದೆ ಅಭ್ಯಾಸ

ಪ್ರಯೋಗಾಲಯದ ಗೆಳೆಯರ ಮುಂದೆ ಅಭ್ಯಾಸ ಮಾಡಿದರೆ ಪ್ರಯೋಜನ ಕಡಿಮೆ. ಅವರಿಗೆ ವಿಷಯ ಗೊತ್ತು, ನೀವು ನುಂಗಿದ್ದನ್ನು ಅವರೇ ತುಂಬಿಕೊಳ್ಳುತ್ತಾರೆ. ರಜೆಗೆ ಊರಿಗೆ ಬಂದಾಗ ತೋಟದ ರೈಟರನ್ನೋ ದೊಡ್ಡಪ್ಪನನ್ನೋ ಲೈನ್ ಮನೆಯ ಹೆಂಗಸರನ್ನೋ ಕೂರಿಸಿಕೊಂಡು ಹೇಳಿ. ಮುಗಿದ ಮೇಲೆ “ಹೇಗಿತ್ತು?” ಎಂದು ಕೇಳಬೇಡಿ, “ಚೆನ್ನಾಗಿತ್ತು ಕಣಪ್ಪ” ಅನ್ನುತ್ತಾರೆ, ಅದು ಮರ್ಯಾದೆಯ ಮಾತು. “ನಾನು ಏನು ಕೆಲಸ ಮಾಡ್ತಿದೀನಿ, ನೀವೇ ಹೇಳಿ” ಎಂದು ಕೇಳಿ. ಅವರು ತಿರುಗಿ ಹೇಳಿದ್ದರಲ್ಲಿ ಏನು ಬಿಟ್ಟುಹೋಗಿದೆಯೋ ಅಲ್ಲಿ ನಿಮ್ಮ ಮಾತು ಸೋತಿದೆ.

ಇನ್ನೊಂದು ಪ್ರಶ್ನೆ ಅವರಿಂದ ಬಂದೇ ಬರುತ್ತದೆ: “ಸರಿ, ಅದಕ್ಕೇನೀಗ?” ಒರಟಾಗಿ ಕೇಳಿಸಬಹುದು. ಅದರ ಉತ್ತರವೇ ನಿಮ್ಮ ಕೊನೆಯ ಮುಕ್ಕಾಲು ನಿಮಿಷ. ರೈಟರ್ ಕೆಲವೊಮ್ಮೆ ನಿಮ್ಮನ್ನು ತಿದ್ದುತ್ತಾರೆ ಕೂಡ: ಮೂವತ್ತು ವರ್ಷ ಬೋರರ್ ಗಿಡ ಗುರುತಿಸಿದವರ ಕಣ್ಣು ಅದು. ಬರೆದುಕೊಳ್ಳಿ.

ನಿಂತು ಅಭ್ಯಾಸ ಮಾಡಿ, ಕೂತಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದವರು ಸುಮ್ಮನೆ ಪಕ್ಕಕ್ಕೆ ಬಿಡಿ. ಸ್ಲೈಡಿಗೆ ಮುಖ ಮಾಡಿ ನಿಲ್ಲಬೇಡಿ. “ಎಲ್ಲರಿಗೂ ನಮಸ್ಕಾರ, ವೇದಿಕೆಯ ಮೇಲಿರುವ ಗಣ್ಯರೇ” ಎಂಬ ಪೀಠಿಕೆ ನಮ್ಮ ಸಭೆಗಳ ಅಭ್ಯಾಸ. ಇಲ್ಲಿ ಅದಕ್ಕೆ ಹೋಗುವ ಹದಿನೈದು ಸೆಕೆಂಡ್ ನಿಮ್ಮದೇ ಗಂಟು.

ಮೊದಲ ಸುತ್ತು ವಿಡಿಯೊದಲ್ಲಿದ್ದರೆ

ಕೋವಿಡ್ ಬಂದ ಮೇಲೆ ಹಲವು ಕಡೆ ಮೊದಲ ಸುತ್ತಿಗೆ ವಿಡಿಯೊ ಕಳಿಸುವ ಪದ್ಧತಿ ಬಂದಿದೆ. ಸಾಮಾನ್ಯವಾಗಿ ಒಂದೇ ಕೋನದಿಂದ, ನಡುವೆ ಕತ್ತರಿಸದೆ ತೆಗೆದಿರಬೇಕು; ಮೊಬೈಲನ್ನು ಅಡ್ಡ ಹಿಡಿಯಬೇಕು. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ತೆಗೆಯಬೇಡಿ, ಮಳೆ ಸದ್ದಿನಲ್ಲಿ ಮಾತೇ ಕೇಳುವುದಿಲ್ಲ. ತಾರಸಿ ಮನೆಯ ಒಳಕೋಣೆ, ಕಿಟಕಿಗೆ ಮುಖ ಮಾಡಿ ನಿಂತು, ಬೆಳಗಿನ ಹೊತ್ತು. ಕಳಿಸುವುದನ್ನು ಕೊನೆಯ ದಿನಕ್ಕೆ ಇಡಬೇಡಿ. ಗಾಳಿಮಳೆಗೆ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ, ಹೆತ್ತೂರು, ಯಸಳೂರು ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಏಕೆ ಇಲ್ಲ?

ಕೆನಡಾದ ಕ್ವಿಬೆಕ್‌ನಲ್ಲಿ 2012ರಲ್ಲಿ ಫ್ರೆಂಚ್ ಭಾಷಿಕರು ಇದೇ ಸ್ಪರ್ಧೆಯನ್ನು ತಮ್ಮ ಭಾಷೆಗೆ ತಂದುಕೊಂಡರು, ‘180 ಸೆಕೆಂಡಿನಲ್ಲಿ ನನ್ನ ಪ್ರಬಂಧ’ ಎಂದು. ಎರಡೇ ವರ್ಷದಲ್ಲಿ ಅದು ಫ್ರಾನ್ಸಿಗೂ ಹೋಯಿತು. ಸಕಲೇಶಪುರದಲ್ಲಿ ಇಂಥದ್ದೊಂದು ನಡೆಸಲು ಬೇಕಿರುವುದು ಒಂದು ಸಭಾಂಗಣ, ಒಂದು ಪ್ರೊಜೆಕ್ಟರ್, ಎಲ್ಲರಿಗೂ ಕಾಣುವ ಒಂದು ಗಡಿಯಾರ. ತೀರ್ಪುಗಾರರಲ್ಲಿ ಒಬ್ಬರು ಪ್ರಾಧ್ಯಾಪಕರಾದರೆ ಇನ್ನಿಬ್ಬರು ಆ ವಿಷಯ ಓದದವರಿರಲಿ: ಒಬ್ಬರು ಬೆಳೆಗಾರರು, ಒಬ್ಬರು ಪ್ರೌಢಶಾಲೆಯ ಮೇಷ್ಟ್ರು. ತಾಲ್ಲೂಕಿನ ಕಾಲೇಜುಗಳೂ ಬೆಳೆಗಾರರ ಸಂಘಗಳೂ ಮನಸ್ಸು ಮಾಡಿದರೆ ಒಂದು ಮಧ್ಯಾಹ್ನದ ಕೆಲಸ.

ಅಲ್ಲಿಯವರೆಗೆ, ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಗೆದ್ದರೂ ಸೋತರೂ, ಅದೇ ಮೂರು ನಿಮಿಷವನ್ನು ಕನ್ನಡದಲ್ಲಿ ನಿಮಗೆ ಗಿಡ ಎಣಿಸಲು ಬಿಟ್ಟ ತೋಟದಲ್ಲಿ ಒಮ್ಮೆ ಹೇಳಿ ಬನ್ನಿ. ಕೊಯ್ಲಿನ ಕಾಲದಲ್ಲಿ ಹೋಗಬೇಡಿ, ಯಾರಿಗೂ ಪುರುಸೊತ್ತಿರುವುದಿಲ್ಲ. ರೊಬಸ್ಟಾ ಮುಗಿದ ಮೇಲೆ, ಏಪ್ರಿಲ್‌ನಲ್ಲಿ ಹೋಗಿ.