ಮಧುಮೇಹಿಯ ರಕ್ತವನ್ನು ಕುರಿತು ಸೋದರಳಿಯನಿಗೆ



ನಿನ್ನ ಕಾಗದ ತಲುಪಿತು. ಮಧುಮೇಹವೆಂದು ವೈದ್ಯರು ನಿರ್ಣಯಿಸಿದ್ದರೂ ಪ್ಲೇಟ್‌ಲೆಟ್ಟುಗಳು ಎರಡೂವರೆ ಲಕ್ಷವಿರುವುದರಿಂದ ರಕ್ತದಲ್ಲಿ ದೋಷವೇನೂ ಇಲ್ಲವೆಂದೂ, ಆದರೂ ಹೃದಯದ ರಕ್ಷಣೆಗೆಂದು ನೆರೆಮನೆಯವರ ಮಾತಿನಂತೆ ದಿನಕ್ಕೊಂದು ಆಸ್ಪಿರಿನ್ ಗುಳಿಗೆ ನುಂಗುತ್ತಿರುವೆನೆಂದೂ ಬರೆದಿರುವೆ. ಈ ಎರಡು ಮಾತುಗಳೂ ನನ್ನನ್ನು ಚಿಂತೆಗೀಡುಮಾಡಿದುವು.

ಡೆಂಗಿ ಜ್ವರದ ಹಾವಳಿ ಹೆಚ್ಚಿದಂದಿನಿಂದ ಪ್ಲೇಟ್‌ಲೆಟ್ ಎಂದೊಡನೆ ನಮ್ಮ ಜನರಿಗೆ ಅದರ ಸಂಖ್ಯೆಯೊಂದೇ ನೆನಪಾಗುತ್ತದೆ. ಮಧುಮೇಹಿಯು ವಿಚಾರಿಸತಕ್ಕದ್ದು ಅವುಗಳ ಸ್ವಭಾವವನ್ನು. ಗಾಯವಾದೆಡೆಯಲ್ಲಿ ನಾಳದ ಗೋಡೆಗೆ ಅಂಟಿಕೊಂಡು ಈ ಕಣಗಳು ರಕ್ತಸ್ರಾವವನ್ನು ತಡೆಯುವುದನ್ನು ಇಟಲಿಯ ಬಿಜೊಜೆರೊ ಎಂಬ ವಿಜ್ಞಾನಿಯು 1882ರಲ್ಲಿಯೇ ವಿವರಿಸಿದನು. ಏಳರಿಂದ ಹತ್ತು ದಿನಗಳಷ್ಟೇ ಬಾಳುವ ಇವುಗಳನ್ನು, ನಾಳದ ಒಳಪದರವು ಸೂಸುವ ನೈಟ್ರಿಕ್ ಆಕ್ಸೈಡ್ ಮೊದಲಾದ ದ್ರವ್ಯಗಳೂ, ಅವುಗಳೊಡನೆ ಇನ್ಸುಲಿನ್ನೂ, ಆರೋಗ್ಯವಂತನಲ್ಲಿ ಶಾಂತವಾಗಿರಿಸುತ್ತವೆ. ಸಕ್ಕರೆಯು ಬಹುಕಾಲ ಏರಿಯೇ ಇದ್ದಲ್ಲಿ ಕಣದ ಹೊರಪೊರೆಯ ಪ್ರೋಟೀನುಗಳಿಗೆ ಸಕ್ಕರೆ ಅಂಟಿ ಪೊರೆಯು ಪೆಡಸಾಗುತ್ತದೆ, ನೈಟ್ರಿಕ್ ಆಕ್ಸೈಡ್ ಕುಗ್ಗುತ್ತದೆ, ಇನ್ಸುಲಿನ್ನಿನ ಅಂಕೆಯೂ ಸಡಿಲುತ್ತದೆ. ಆಗ ಕಳ್ಳನ ಸುಳಿವೇ ಇಲ್ಲದಿರುವಾಗಲೂ ಊರನ್ನೆಲ್ಲ ಎಬ್ಬಿಸುವ ಕಾವಲುಗಾರನಂತೆ, ಅವು ಅಲ್ಪ ಪ್ರಚೋದನೆಗೇ ಒಂದಕ್ಕೊಂದು ಅಂಟಿ ಹೆಪ್ಪುಗಟ್ಟಲು ಸಿದ್ಧವಾಗುತ್ತವೆ. ಮಧುಮೇಹಿಗಳಿಗೆ ಹೃದಯಾಘಾತವೂ ಪಾರ್ಶ್ವವಾಯುವೂ ಹೆಚ್ಚಾಗಿ ಬರುವುದರ ಕಾರಣಗಳಲ್ಲಿ ಇದೂ ಒಂದು.

ಹಾಗಾದರೆ ಆಸ್ಪಿರಿನ್ ಒಳ್ಳೆಯದೇ ಅಲ್ಲವೇ ಎಂದು ನೀನು ಕೇಳಬಹುದು. ಹೃದಯರೋಗವಿಲ್ಲದ 15,480 ಮಧುಮೇಹಿಗಳಲ್ಲಿ ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಅಸೆಂಡ್’ ಅಧ್ಯಯನದಲ್ಲಿ, ಆಸ್ಪಿರಿನ್ ಸೇವಿಸಿದವರಲ್ಲಿ ಹೃದಯಾಘಾತಾದಿ ಅನಾಹುತಗಳು ಶೇಕಡಾ 9.6ರಿಂದ 8.5ಕ್ಕೆ ಇಳಿದುವು, ಆದರೆ ತೀವ್ರ ರಕ್ತಸ್ರಾವವು 3.2ರಿಂದ 4.1ಕ್ಕೆ ಏರಿತು. ಲಾಭವನ್ನು ಬಹುಮಟ್ಟಿಗೆ ನಷ್ಟವೇ ನುಂಗಿತು. ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಅದೇ ಗುಳಿಗೆ ಪ್ರಾಣರಕ್ಷಕ. ಅವರು ವೈದ್ಯರನ್ನು ಕೇಳದೆ ಅದನ್ನು ಬಿಡಲಾಗದು. ನಿನ್ನ ಸ್ಥಿತಿ ಬೇರೆ.

ಸಕ್ಕರೆಯನ್ನು ಮೊದಲಿನಿಂದಲೇ ಹತೋಟಿಯಲ್ಲಿರಿಸುವುದು ನಿನ್ನ ಕೈಯಲ್ಲಿದೆ. ಹೊಸದಾಗಿ ಮಧುಮೇಹ ಪತ್ತೆಯಾದವರನ್ನೇ ಆರಿಸಿಕೊಂಡು ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭಿಸಿದ ದೀರ್ಘ ಅಧ್ಯಯನವೊಂದರಲ್ಲಿ, ಆರಂಭದಲ್ಲಿ ಬಿಗಿಯಾದ ಹತೋಟಿಯಲ್ಲಿದ್ದವರಿಗೂ ಉಳಿದವರಿಗೂ ಸಕ್ಕರೆಯ ಮಟ್ಟದಲ್ಲಿದ್ದ ಅಂತರವು ಅಧ್ಯಯನ ಮುಗಿದ ಮರುವರ್ಷವೇ ಅಳಿಸಿಹೋದರೂ, ಹತ್ತು ವರ್ಷಗಳ ಬಳಿಕವೂ ಮೊದಲಿನವರಲ್ಲಿ ಹೃದಯಾಘಾತ ಕಡಿಮೆಯೇ ಇದ್ದಿತು. ಈಗಿನ ಶಿಸ್ತನ್ನು ಮುಂದಿನ ವರ್ಷಕ್ಕೆ ತಳ್ಳಬೇಡವೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಹಾಗೆಂದು ಉತ್ಸಾಹಾತಿರೇಕದಿಂದ ಉಪವಾಸ ಬಿದ್ದು ಸಕ್ಕರೆಯನ್ನು ಪಾತಾಳಕ್ಕಿಳಿಸುವುದೂ ಸಲ್ಲದು; ಅದು ಮಿತಿಮೀರಿ ಇಳಿದಾಗ ಉಕ್ಕುವ ಅಡ್ರಿನಲಿನ್ನೂ ಇದೇ ಕಣಗಳನ್ನು ಕೆರಳಿಸುತ್ತದೆ.

ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಗುರಿಯು ಸಾಮಾನ್ಯವಾಗಿ ಶೇಕಡಾ 7ರ ಒಳಗೆ. ನಿನಗೆ ತಕ್ಕದ್ದೆಷ್ಟೆಂಬುದನ್ನು ನಿನ್ನ ವೈದ್ಯರೇ ನಿರ್ಧರಿಸಲಿ. ಧೂಮಪಾನವನ್ನು ಇಂದೇ ಬಿಡು. ಈ ವಾರವೇ ಅವರ ಬಳಿಗೆ ಹೋಗಿ, ಆಸ್ಪಿರಿನ್ ಸೇವಿಸುತ್ತಿರುವುದನ್ನು ಮುಚ್ಚಿಡದೆ ಹೇಳಿ, ಅವರು ಏನೆಂದರೆಂಬುದನ್ನು ನನಗೆ ತಪ್ಪದೆ ಬರೆ.

ಇಂತಿ ನಿನ್ನ ಮಾವ